ತೂಕ ಎಷ್ಟು ಅಂತ ಕೇಳಿ

ರೇಸ್ ಕಾರು ಕಟ್ಟುವ ತಂಡದಲ್ಲಿದ್ದೇನೆ ಎಂದರೆ ಸಾಕು, ಮದುವೆ ಮನೆಯಿರಲಿ, ಬಸ್ಸಿನ ಪಕ್ಕದ ಸೀಟಿರಲಿ, ಮುಂದಿನ ಪ್ರಶ್ನೆ ಒಂದೇ: ‘ಎಷ್ಟು ಸ್ಪೀಡ್ ಹೋಗುತ್ತೆ?’ ಮೂರು ವರ್ಷದಿಂದ ಇದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ. ‘ಎಷ್ಟು ತೂಕ?’ ಎಂದು ಕೇಳಿದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ‘ಅದನ್ನ ನೋಡಿಕೊಳ್ಳೋರು ಯಾರು?’ ಎನ್ನುವುದಂತೂ ಯಾರ ತಲೆಗೂ ಬರುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಈ ಎರಡೇ.

ನಾನು ಓದುತ್ತಿರುವುದು ಬಿ.ಇ. ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ನಮ್ಮ ಕಾಲೇಜಿನ ವರ್ಕ್‌ಶಾಪ್ ಹಿಂದಿನ ತಗಡಿನ ಶೆಡ್‌ನಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಒಂದೇ ಸೀಟಿನ ಪುಟ್ಟ ಕಾರೊಂದಿದೆ. ಬೈಕಿನ 373 ಸಿಸಿ ಕೆಟಿಎಂ ಎಂಜಿನ್, ಉಕ್ಕಿನ ಕೊಳವೆ ಬೆಸೆದು ಮಾಡಿದ ಚಾಸಿ, ಹತ್ತು ಇಂಚಿನ ಚಕ್ರಗಳು. ಒಟ್ಟು ತೂಕ 240 ಕೆ.ಜಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗಾಗಿ ಕಟ್ಟಿದ್ದು. ಸ್ಪರ್ಧೆ ವರ್ಷಕ್ಕೊಮ್ಮೆ. ಅದಕ್ಕೆ ಮುಂಚೆ, ಕೈಯಲ್ಲಿ ಕಾಸಿದ್ದರೆ ಆಮೇಲೂ, ನಾವು ‘ಟ್ರ್ಯಾಕ್ ಡೇ’ಗೆ ಹೋಗುತ್ತೇವೆ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿ, ಎದುರಿನಿಂದ ವಾಹನ ಬಾರದ, ದನ ಅಡ್ಡ ಬಾರದ ಟ್ರ್ಯಾಕಿನಲ್ಲಿ ನಮ್ಮ ಗಾಡಿಯನ್ನು ನಾವೇ ಓಡಿಸಿ ನೋಡುವ ದಿನ. ಮೊದಲನೆಯವರು, ಕೊನೆಯವರು ಎಂಬುದಿಲ್ಲ. ಕಪ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅದಕ್ಕೇ ಇರಬೇಕು, ನನಗೆ ಸ್ಪರ್ಧೆಗಿಂತ ಈ ದಿನವೇ ಇಷ್ಟ.

ತಂಡದಲ್ಲಿ ನನ್ನ ಕೆಲಸ ಮೇಂಟೆನೆನ್ಸ್ ಮತ್ತು ಸೆಟಪ್. ಅಂದರೆ ಕಾರು ಕಟ್ಟಿ ಮುಗಿದ ಮೇಲೆ ಶುರುವಾಗುವ ಕೆಲಸ.

ಹಗುರವಾದ ಕಾರಿನ ಮೇಲೆ ಯಾಕಿಷ್ಟು ಮೋಹ ಎಂದು ಮೊದಲು ಹೇಳಬೇಕು. ಇಂಗ್ಲೆಂಡಿನ ಲೋಟಸ್ ಕಂಪನಿ 1996ರಲ್ಲಿ ಎಲೀಸ್ ಎಂಬ ಕಾರು ತಂದಿತು. ಅಲ್ಯೂಮಿನಿಯಂ ಪಟ್ಟಿಗಳನ್ನು ವೆಲ್ಡ್ ಮಾಡದೆ ಅಂಟು ಹಾಕಿ ಜೋಡಿಸಿದ ಚಾಸಿ, ಮೇಲೆ ಫೈಬರ್ ಮೈ. ಎಂಜಿನ್ ಬರೀ 1.8 ಲೀಟರ್, ಸುಮಾರು 118 ಅಶ್ವಶಕ್ತಿ. ಆದರೆ ಇಡೀ ಕಾರಿನ ತೂಕ 725 ಕೆ.ಜಿ. ಆಸುಪಾಸು. ಆರಂಭದ ಎಲೀಸ್‌ಗಳಲ್ಲಿ ಬ್ರೇಕ್ ಡಿಸ್ಕನ್ನೂ ಅಲ್ಯೂಮಿನಿಯಂ ಮಿಶ್ರಣದಲ್ಲೇ ಮಾಡಿದ್ದರು. ಕಾರು ಅಷ್ಟು ಹಗುರವಾಗಿದ್ದರಿಂದಲೇ ಅದು ಸಾಧ್ಯವಾದದ್ದು. ಅದಕ್ಕೂ ಹಿಂದೆ 1957ರಲ್ಲಿ ಇದೇ ಕಂಪನಿ ಲೋಟಸ್ ಸೆವೆನ್ ಮಾಡಿತ್ತು. ಅದು ಕೇಟರ್‌ಹ್ಯಾಮ್ ಎಂಬ ಹೆಸರಿನಲ್ಲಿ ಇವತ್ತಿಗೂ ತಯಾರಾಗುತ್ತಿದೆ. ಅಲ್ಲಿನ ಜನ ಇಂಥ ಕಾರನ್ನು ಮನೆಯಿಂದ ಓಡಿಸಿಕೊಂಡು ಬಂದು, ಟ್ರ್ಯಾಕಿನಲ್ಲಿ ಸುತ್ತು ಹಾಕಿ, ಸಂಜೆ ಅದರಲ್ಲೇ ಮನೆಗೆ ಹೋಗುತ್ತಾರೆ. ನಾನು ಎಲೀಸನ್ನು ಕಣ್ಣಾರೆ ಕಂಡಿಲ್ಲ, ಅದರ ವರ್ಕ್‌ಶಾಪ್ ಮ್ಯಾನ್ಯುವಲ್ ಮಾತ್ರ ಓದಿದ್ದೇನೆ. (ಹಾಸ್ಟೆಲ್‌ನಲ್ಲಿ ರಾತ್ರಿ ಅದನ್ನು ಓದುವವನಿಗೆ ಗೆಳೆಯರು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯಲಾಗದು.)

ನಮ್ಮಲ್ಲೂ ಇದಕ್ಕೊಂದು ಪರಂಪರೆಯಿದೆ. ಕೊಯಮತ್ತೂರಿನ ಟ್ರ್ಯಾಕಿಗೆ ಯಾರ ಹೆಸರಿದೆಯೋ ಆ ಎಸ್. ಕರಿವರ್ಧನ್ ಮಾರುತಿ 800ರ ಪುಟ್ಟ ಎಂಜಿನ್ ಇಟ್ಟುಕೊಂಡು ಒಂದೇ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ವಿದೇಶಿ ಕಾರು ತರಿಸುವ ಶಕ್ತಿ ಇಲ್ಲದವರೂ ರೇಸ್ ಓಡಿಸಬಹುದು ಎಂದಾದದ್ದು ಅಲ್ಲಿಂದ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ ಕಾರ್ತಿಕೇಯನ್ ಶುರು ಮಾಡಿದ್ದೂ ಫಾರ್ಮುಲಾ ಮಾರುತಿಯಲ್ಲೇ. 796 ಸಿಸಿ ಎಂಜಿನ್ನಿನಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ನಾನು ಕೊಡುವ ಉತ್ತರ ಇದು.

ಈಗ ಲೆಕ್ಕ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಆ ವೇಗದಲ್ಲಿ ಚಾಲಕನೂ ಸೇರಿ 300 ಕೆ.ಜಿ. ಇರುವ ನಮ್ಮ ಕಾರಿನ ಚಲನ ಶಕ್ತಿ 60 ಸಾವಿರ ಜೂಲ್. ಅದೇ ವೇಗದಲ್ಲಿ 1,500 ಕೆ.ಜಿ. ಎಸ್‌ಯುವಿಯದ್ದು ಮೂರು ಲಕ್ಷ ಜೂಲ್. ನಿಲ್ಲಿಸುವಾಗ ಇಷ್ಟೂ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ತೂಕ ಇಳಿದರೆ ಬ್ರೇಕು, ಟೈರು, ಬೇರಿಂಗು, ಪೆಟ್ರೋಲು ಎಲ್ಲದರ ಹೊರೆಯೂ ಇಳಿಯುತ್ತದೆ. ಪಿಯುಸಿಯ ಒಂದೇ ಸೂತ್ರ, ½mv² ಎಂದು ಬರೆದು ಐದು ಅಂಕ ಪಡೆದು ಮರೆತದ್ದು. ಇಲ್ಲಿ ಅದು ಮೂಗಿಗೆ ವಾಸನೆಯಾಗಿ ಬಡಿಯುತ್ತದೆ, ಬ್ರೇಕ್ ಪ್ಯಾಡ್ ಕಾದಾಗ.

ಆದರೆ ಹಗುರವಾದ ಕಾರಿನ ಇನ್ನೊಂದು ಗುಣವನ್ನು ಯಾರೂ ಹೇಳುವುದಿಲ್ಲ. ಅದು ಏನನ್ನೂ ಮುಚ್ಚಿಟ್ಟುಕೊಳ್ಳುವುದಿಲ್ಲ. ದೊಡ್ಡ ಕಾರಿನಲ್ಲಿ ಚಾಲಕನ 60 ಕೆ.ಜಿ. ಎಂದರೆ ಒಟ್ಟು ತೂಕದ ಶೇ 4ರಷ್ಟು. ನಮ್ಮ ಕಾರಿನಲ್ಲಿ ಐದನೇ ಒಂದು ಭಾಗ! ಚಾಲಕ ಬದಲಾದರೆ ಕಾರೇ ಬದಲಾದಂತೆ. ಟೈರಿನ ಗಾಳಿ ಒಂದು ಪಿಎಸ್‌ಐ ಹೆಚ್ಚು ಕಡಿಮೆಯಾದರೂ ಸ್ಟೀರಿಂಗ್ ಹಿಡಿದವನಿಗೆ ಗೊತ್ತಾಗುತ್ತದೆ. ಹಾಗಾಗಿ ಇಂಥ ಕಾರಿಗೆ ಬೇಕಾದದ್ದು ಹೆಚ್ಚು ಶಕ್ತಿಯ ಎಂಜಿನ್ ಅಲ್ಲ, ದಿನಾ ಅಳೆದು ಬರೆದಿಡುವ ಕೈ.

ಉದಾಹರಣೆಗೆ ನಾಲ್ಕು ಚಕ್ರಗಳ ಮೇಲೆ ಬೀಳುವ ತೂಕ. ಕಾಲೊಂದು ಗಿಡ್ಡವಾದ ಮಂಚ ನೆನಪಿಸಿಕೊಳ್ಳಿ. ಮೂಲೆಯಿಂದ ಮೂಲೆಗೆ ಎರಡು ಕಾಲುಗಳ ಮೇಲೆ ಭಾರ ನಿಂತು, ಇನ್ನೆರಡು ಸುಮ್ಮನೆ ನೆಲ ಮುಟ್ಟಿರುತ್ತವೆ. ಕಾರೂ ಹಾಗೆಯೇ. ಕಳೆದ ಟ್ರ್ಯಾಕ್ ಡೇಗೆ ಮುಂಚೆ ನಾವು ಅಳೆದಾಗ ಮುಂದಿನ ಎಡ ಚಕ್ರದ ಮೇಲೆ 66 ಕೆ.ಜಿ., ಮುಂದಿನ ಬಲ 72, ಹಿಂದಿನ ಎಡ 84, ಹಿಂದಿನ ಬಲ 78. ಎಡಗಡೆಯ ಮೊತ್ತ 150, ಬಲಗಡೆಯದೂ 150. ನೋಡಿದವರು ‘ಸರಿಯಾಗಿದೆಯಲ್ಲ!’ ಎನ್ನುತ್ತಾರೆ. ಈಗ ಓರೆಯಾಗಿ ಕೂಡಿ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿದರೆ 156, ಇನ್ನೊಂದು ಜೋಡಿ 144. ಈ ಹನ್ನೆರಡು ಕೆ.ಜಿ. ವ್ಯತ್ಯಾಸದಿಂದ ಕಾರು ಎಡಕ್ಕೆ ತಿರುಗುವಾಗ ಒಂದು ಥರ, ಬಲಕ್ಕೆ ತಿರುಗುವಾಗ ಇನ್ನೊಂದು ಥರ ನಡೆದುಕೊಳ್ಳುತ್ತದೆ. ಮುಂದಿನ ಎಡ ಸ್ಪ್ರಿಂಗಿನ ನಟ್ಟನ್ನು ಸ್ವಲ್ಪ ಬಿಗಿ ಮಾಡಿದರೆ ಆ ಚಕ್ರದ ಜೊತೆಗೆ ಓರೆಯಲ್ಲಿರುವ ಹಿಂದಿನ ಬಲ ಚಕ್ರದ ಭಾರವೂ ಏರುತ್ತದೆ, ಉಳಿದೆರಡು ಇಳಿಯುತ್ತವೆ. ಆದರೆ ನಟ್ಟನ್ನು ಎಷ್ಟೇ ತಿರುಗಿಸಿದರೂ ಎಡ ಬಲದ ಮೊತ್ತ ಬದಲಾಗದು. ಅದನ್ನು ಬದಲಿಸಬೇಕೆಂದರೆ ಬ್ಯಾಟರಿಯಂಥ ಭಾರದ ವಸ್ತುವನ್ನೇ ಸರಿಸಬೇಕು. ಸ್ಟ್ಯಾಟಿಕ್ಸ್ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೇನೆ. ಆದರೂ ಇದು ನಿಜವಾಗಿ ಅರ್ಥವಾದದ್ದು ನಟ್ಟು ತಿರುಗಿಸಿದಾಗಲೇ.

ಇದಕ್ಕೆಂದೇ ಮಾಡಿದ ತೂಕದ ಯಂತ್ರಗಳು ನಮ್ಮ ಬಜೆಟ್ಟಿಗೆ ಎಟುಕುವುದಿಲ್ಲ. ನಾವು ಬಳಸುವುದು ಮನುಷ್ಯರು ಹತ್ತಿ ನಿಲ್ಲುವ ಡಿಜಿಟಲ್ ಸ್ಕೇಲುಗಳನ್ನು, ಒಂದೇ ಕಂಪನಿಯವು ನಾಲ್ಕು. ಮೊದಲು ಒಂದೇ ಕಬ್ಬಿಣದ ತುಂಡನ್ನು ನಾಲ್ಕರ ಮೇಲೂ ಇಟ್ಟು ನಾಲ್ಕೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡುತ್ತೇವೆ. ಶೆಡ್ಡಿನ ನೆಲ ಸಮ ಇಲ್ಲ. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬಿನಿಂದ ಮಟ್ಟ ನೋಡಿ, ತಗ್ಗಿದ ಕಡೆ ಸ್ಕೇಲಿನ ಕೆಳಗೆ ತೆಳು ಹಲಗೆ ಕೊಡುತ್ತೇವೆ. ಚಕ್ರದ ಕೆಳಗೆ ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಗ್ರೀಸ್. ಇಲ್ಲದಿದ್ದರೆ ಟೈರು ಸ್ಕೇಲನ್ನು ಕಚ್ಚಿ ಹಿಡಿದು ಸುಳ್ಳು ಹೇಳಿಸುತ್ತದೆ. ಸೀಟಿನಲ್ಲಿ ಚಾಲಕ ಕೂತಿರಲೇಬೇಕು. ಅವನಿಗೆ ಇಂಟರ್ನಲ್ಸ್ ಇದ್ದ ದಿನ ಮೆಸ್‌ನಿಂದ 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ತಂದು ಕೂರಿಸಿದ್ದೂ ಉಂಟು. ಅಕ್ಕಿ ಮೂಟೆ ಚಾಲಕನಿಗಿಂತ ಒಳ್ಳೆಯದು, ಅಲುಗಾಡುವುದಿಲ್ಲ, ಫೋನ್ ನೋಡುವುದಿಲ್ಲ.

ಚಕ್ರಗಳ ದಿಕ್ಕು ನೋಡುವುದೂ ಮೇಸ್ತ್ರಿ ವಿದ್ಯೆಯೇ. ಕಾರಿನ ಎರಡೂ ಬದಿಗೆ ಮೀನುಗಾರಿಕೆಯ ನೈಲಾನ್ ದಾರವನ್ನು ಕಾರಿನ ನಡುಗೆರೆಗೆ ಸಮಾನಾಂತರವಾಗಿ ಎಳೆದು ಕಟ್ಟಿ, ಚಕ್ರದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಎಂದು ಉಕ್ಕಿನ ಸ್ಕೇಲಿನಿಂದ ಅಳೆಯುತ್ತೇವೆ. ಹತ್ತು ಇಂಚಿನ ರಿಮ್ಮಿನಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಎಂದರೆ ಸುಮಾರು 0.2 ಡಿಗ್ರಿ. ನಾವು ಅರ್ಧ ಮಿಲಿಮೀಟರಿಗೂ ಜಗಳವಾಡುತ್ತೇವೆ. ಟೈರ್ ಅಂಗಡಿಯ ಲೇಸರ್ ಅಲೈನ್‌ಮೆಂಟ್ ನೋಡಿ ಬಂದವರಿಗೆ ಇದು ನಗು ತರಿಸಬಹುದು. ಆದರೆ ದಾರಕ್ಕೆ ಕರೆಂಟ್ ಬೇಡ, ಸಾಫ್ಟ್‌ವೇರ್ ಬೇಡ. ಟ್ರ್ಯಾಕಿನ ಪಕ್ಕದಲ್ಲಿ ಬಿಸಿಲಲ್ಲಿ ಕೂತೂ ಕಟ್ಟಬಹುದು.

ಇದರಲ್ಲಿ ಕಷ್ಟವೆಂದರೆ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಚಕ್ರದ ವಾಲಿಕೆ, ಅಂದರೆ ಕ್ಯಾಂಬರ್, ಬದಲಿಸಿದರೆ ಅದರ ದಿಕ್ಕೂ ಬದಲಾಗುತ್ತದೆ, ಕಾರಿನ ಎತ್ತರವೂ ಬದಲಾಗುತ್ತದೆ. ಮತ್ತೆ ಮೊದಲಿನಿಂದ ಅಳೆಯಬೇಕು. ಒಂದು ಟ್ರ್ಯಾಕ್ ಡೇಯಲ್ಲಿ ಚಾಲಕ ಐದು ಸುತ್ತು ಮುಗಿಸಿ ಬಂದು, ‘ಬ್ರೇಕ್ ಹಾಕಿ ತಿರುವಿಗೆ ಹೋದರೆ ಮೂತಿ ತಿರುಗೋದೇ ಇಲ್ಲ’ ಎಂದ. ಎಂಟು ಜನ ಎಂಟು ಸಲಹೆ ಕೊಟ್ಟರು. ಮುಂದಿನ ಸ್ಪ್ರಿಂಗ್ ಬದಲಿಸಿ, ಗಾಳಿ ಇಳಿಸಿ, ಹಿಂದೆ ಎತ್ತರ ಮಾಡಿ. ಎಲ್ಲವನ್ನೂ ಒಟ್ಟಿಗೆ ಮಾಡಿಬಿಡೋಣ ಎಂಬುದು ಸಭೆಯ ಇಂಗಿತ. ಹಾಗೆ ಮಾಡಿದರೆ ಕಾರು ಸುಧಾರಿಸಿದರೂ ಯಾಕೆ ಸುಧಾರಿಸಿತು ಎಂದು ಗೊತ್ತಾಗುವುದಿಲ್ಲ. ಕಾರು ಪಿಟ್ಟಿಗೆ ಬಂದ ತಕ್ಷಣ ಸೂಜಿ ಥರ್ಮಾಮೀಟರ್ ಚುಚ್ಚಿ ತೆಗೆದ ಅಂಕಿಗಳು ನಮ್ಮ ಬಳಿ ಇದ್ದವು. ಮುಂದಿನ ಟೈರಿನ ಒಳ ಅಂಚು 68 ಡಿಗ್ರಿ, ನಡುವೆ 61, ಹೊರ ಅಂಚು 52. ಟೈರಿನ ಒಳಭಾಗವೇ ದುಡಿಯುತ್ತಿದೆ, ಹೊರಭಾಗ ರಜೆಯಲ್ಲಿದೆ ಎಂದರ್ಥ. ಕ್ಯಾಂಬರನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ, ದಾರ ಕಟ್ಟಿ ದಿಕ್ಕು ಸರಿಮಾಡಿ ಕಳಿಸಿದೆವು. ಮುಂದಿನ ಐದು ಸುತ್ತಿನ ನಂತರ ವ್ಯತ್ಯಾಸ ಒಂಬತ್ತು ಡಿಗ್ರಿಗೆ ಇಳಿದಿತ್ತು. ಚಾಲಕನ ಮುಖ ಸಡಿಲವಾಗಿತ್ತು. ‘ಈಗ ಪರವಾಗಿಲ್ಲ’ ಎಂದ. ಚಾಲಕರು ಇದಕ್ಕಿಂತ ಹೆಚ್ಚು ಹೊಗಳುವುದಿಲ್ಲ.

ಟೈರಿನ ಗಾಳಿಗೂ ಪಿಯುಸಿ ಪಾಠವೇ ಸಾಕು. ಮನೆಯ ಕಾರಿಗೆ 30ರ ಮೇಲೆ ತುಂಬಿಸುತ್ತೀರಿ, ನಮ್ಮ ಹಗುರ ಕಾರಿಗೆ 12 ಪಿಎಸ್‌ಐ ಸಾಕು. ಬೆಳಿಗ್ಗೆ 27 ಡಿಗ್ರಿಯಲ್ಲಿ 12 ಇದ್ದದ್ದು ಟೈರಿನೊಳಗಿನ ಗಾಳಿ 67 ಡಿಗ್ರಿಗೆ ಕಾದರೆ ಹದಿನೈದೂವರೆಗೆ ಏರುತ್ತದೆ. ಕೆಲ್ವಿನ್‌ಗೆ ಬದಲಿಸಿ, ವಾತಾವರಣದ ಒತ್ತಡ ಸೇರಿಸಿ ಲೆಕ್ಕ ಹಾಕಿ ನೋಡಿ. ಬಿಸಿಯಲ್ಲಿ ಎಷ್ಟಿರಬೇಕು ಎಂದು ಮೊದಲು ತೀರ್ಮಾನಿಸಿ ತಣ್ಣಗಿರುವಾಗ ಅಷ್ಟಕ್ಕೆ ಕಡಿಮೆ ತುಂಬಿಸಬೇಕು. ಮಧ್ಯಾಹ್ನ ಕೊಯಮತ್ತೂರಿನ ಡಾಂಬರು ಕಾದಾಗ ಬೆಳಗಿನ ಅಂಕಿ ಮತ್ತೆ ಹಳತಾಗಿರುತ್ತದೆ.

ಬೈಕಿನ ಎಂಜಿನ್ನನ್ನು ಕಾರಿಗೆ ಹಾಕಿದಾಗ ಒಂದು ಗುಪ್ತ ಅಪಾಯ ಇದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಆಯಿಲ್ ಎಂಜಿನ್ನಿನ ತಳದಲ್ಲೇ ಉಳಿಯುತ್ತದೆ. ಕಾರು ವಾಲುವುದಿಲ್ಲ. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಓಡುತ್ತದೆ, ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ಬೇರಿಂಗ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಅದಕ್ಕೇ ತಳದ ತಟ್ಟೆಯೊಳಗೆ ಆಯಿಲನ್ನು ತಡೆಯುವ ಅಡ್ಡಗೋಡೆಗಳನ್ನು ಕೂರಿಸಬೇಕು, ಪ್ರತಿ ಸಲ ಹೊರಡುವ ಮುಂಚೆ ಆಯಿಲ್ ಮಟ್ಟ ನೋಡಲೇಬೇಕು. ಬ್ರೇಕ್ ಫ್ಲೂಯಿಡ್ ಕಥೆಯೂ ಇಂಥದ್ದೇ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಹಳೆಯ ಫ್ಲೂಯಿಡ್‌ಗೆ ಆ ಮಿತಿ 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ಒತ್ತಿದರೆ ನೆಲದವರೆಗೆ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯನ್ನು ನಾನು ಮತ್ತೆ ಮುಟ್ಟುವುದಿಲ್ಲ. ‘ಇನ್ನೂ ಅರ್ಧ ಇದೆಯಲ್ಲ’ ಎಂಬ ಖಜಾಂಚಿಯ ಗೋಳಿಗೆ ನಾನು ಕಿವುಡ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾರ್ಚಿನ ಟ್ರ್ಯಾಕ್ ಡೇಯ ಹಿಂದಿನ ರಾತ್ರಿ ಹೋಟೆಲ್ ಹಿಂದಿನ ಅಂಗಳದಲ್ಲಿ ಕಾರು ಒರೆಸುತ್ತಿದ್ದೆ. ಒರೆಸುವುದು ಅಂದಕ್ಕಲ್ಲ. ಬಟ್ಟೆ ಹಿಡಿದ ಕೈ ಪ್ರತಿ ಕೊಳವೆ, ಪ್ರತಿ ಬೋಲ್ಟಿನ ಮೇಲೂ ಹಾದುಹೋಗುತ್ತದೆ. ಕಣ್ಣು ಬಿಟ್ಟದ್ದನ್ನು ಬೆರಳು ಹಿಡಿಯುತ್ತದೆ. ನಾವು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿರುತ್ತೇವೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಹಿಂದಿನ ಎಡ ಚಕ್ರದ ಕೆಳತೋಳಿನ ತುದಿಯಲ್ಲಿ ಗೆರೆ ಸರಿಯಾಗೇ ಇತ್ತು. ಆದರೆ ಬಟ್ಟೆಯ ನೂಲೊಂದು ಸಿಕ್ಕಿಕೊಂಡಿತು. ಟಾರ್ಚ್ ಹಾಕಿ ನೋಡಿದರೆ ರಾಡ್ ಎಂಡ್‌ನ ತಿರುಪಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು.

ಬೆರಳಿನಷ್ಟು ಉದ್ದದ ಭಾಗ ಅದು. ಆ ಗಾತ್ರದ ಸ್ಪೇರ್ ನಮ್ಮಲ್ಲಿರಲಿಲ್ಲ. ಟ್ರ್ಯಾಕಿನ ಬಾಡಿಗೆ ಆಗಲೇ ಕಟ್ಟಿಯಾಗಿತ್ತು, ಹಾಸ್ಟೆಲ್‌ನಲ್ಲಿ ಮನೆಮನೆ ಬೇಡಿದಂತೆ ಒಟ್ಟುಮಾಡಿದ ದುಡ್ಡು. ‘ಮೊದಲ ಸೆಷನ್ ನಿಧಾನವಾಗಿ ಓಡಿಸೋಣ, ಒಂದು ಗಂಟೆಯಲ್ಲಿ ಏನಾಗಲ್ಲ’ ಎಂದರು ಕೆಲವರು. ಅವರೇನೂ ಕೆಟ್ಟವರಲ್ಲ. ಕೆಲವರಿಗೆ ಅದು ಕಾಲೇಜಿನ ಕೊನೆಯ ಟ್ರ್ಯಾಕ್ ಡೇ ಆಗಿತ್ತು. ಅದು ತುಂಡಾದರೆ ಬ್ರೇಕ್ ಹಾಕುವಾಗ ಹಿಂದಿನ ಚಕ್ರ ತನಗಿಷ್ಟ ಬಂದ ಕಡೆ ತಿರುಗುತ್ತದೆ, ಸೀಟಿನಲ್ಲಿರುವವನು ನನ್ನ ರೂಮ್‌ಮೇಟ್. ನಾನು ಚೆಕ್‌ಲಿಸ್ಟಿಗೆ ಸಹಿ ಹಾಕಲಿಲ್ಲ. ನಮ್ಮ ತಂಡದ ನಿಯಮದಂತೆ ಸಹಿ ಇಲ್ಲದೆ ಕಾರು ಹೊರಡುವಂತಿಲ್ಲ. ಆ ನಿಯಮವನ್ನು ಯಾವ ಸೀನಿಯರ್ ಮಾಡಿದರೋ, ಅವರಿಗೆ ನಮಸ್ಕಾರ. ಬೆಳಿಗ್ಗೆ ಬೇರಿಂಗ್ ಅಂಗಡಿ ಬಾಗಿಲು ತೆರೆಯುವವರೆಗೆ ಕಾದು, ಅದೇ ಅಳತೆಯದ್ದು ತಂದು, ಹಾಕಿ, ದಾರ ಕಟ್ಟಿ ಅಳೆಯುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅರ್ಧ ದಿನ ಹೋಯಿತು. ವಾಪಸ್ ಬರುವಾಗ ಟೆಂಪೊದಲ್ಲಿ ನನ್ನ ಜೊತೆ ಮಾತಾಡಿದವರು ಇಬ್ಬರೇ.

ಇದನ್ನು ಬರೆದದ್ದು ಬೆನ್ನು ತಟ್ಟಿಸಿಕೊಳ್ಳಲು ಅಲ್ಲ. ಆ ದಿನ ಟ್ರ್ಯಾಕಿನಲ್ಲಿ ಏನೂ ಆಗಲಿಲ್ಲ. ಮೇಂಟೆನೆನ್ಸ್ ಸರಿಯಾಗಿ ಮಾಡಿದರೆ ಕಾಣುವ ಫಲಿತಾಂಶ ಅಷ್ಟೇ: ಏನೂ ಆಗುವುದಿಲ್ಲ. ‘ಏನೂ ಆಗಲಿಲ್ಲ’ ಎಂಬುದನ್ನು ಪವರ್‌ಪಾಯಿಂಟಿನಲ್ಲಿ ಹೇಗೆ ತೋರಿಸುತ್ತೀರಿ? ರೆಸ್ಯೂಮೆಯಲ್ಲಿ ಯಾವ ಅಂಕಣದಲ್ಲಿ ಬರೆಯುತ್ತೀರಿ?

ಈ ವರ್ಷ ತಂಡ ಸೇರಲು ಅರ್ಜಿ ಹಾಕಿದ ಜೂನಿಯರ್‌ಗಳು ನಲವತ್ತು ಚಿಲ್ಲರೆ. ಬಹುತೇಕ ಎಲ್ಲರೂ ಆಯ್ಕೆಯ ಜಾಗದಲ್ಲಿ ‘ಡಿಸೈನ್’ ಎಂದು ಬರೆದಿದ್ದರು. ಕೆಲವರು ಎಲೆಕ್ಟ್ರಾನಿಕ್ಸ್, ಮೂವರು ಮಾರ್ಕೆಟಿಂಗ್. ಮೇಂಟೆನೆನ್ಸ್ ಎಂದು ಬರೆದವರು ಸೊನ್ನೆ. ಅವರನ್ನು ದೂರಿ ಪ್ರಯೋಜನವಿಲ್ಲ. ಪ್ಲೇಸ್‌ಮೆಂಟ್ ತರಬೇತಿಗೆ ಬಂದಿದ್ದ ಒಬ್ಬರು ನನ್ನ ರೆಸ್ಯೂಮೆ ನೋಡಿ, ‘ಮೇಂಟೆನೆನ್ಸ್ ಅಂತ ಹಾಕಬೇಡಿ, ಗ್ಯಾರೇಜ್ ಹುಡುಗ ಅಂದ್ಕೋತಾರೆ. ವೆಹಿಕಲ್ ಡೈನಮಿಕ್ಸ್ ಅಂತ ಹಾಕಿ’ ಎಂದರು. ಕ್ಯಾಂಬರ್ ಎಷ್ಟಿರಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದರೆ ವೆಹಿಕಲ್ ಡೈನಮಿಕ್ಸ್, ಅದೇ ಕ್ಯಾಂಬರನ್ನು ಸ್ಪ್ಯಾನರ್ ಹಿಡಿದು ಕೂರಿಸಿದರೆ ಗ್ಯಾರೇಜ್ ಹುಡುಗ! ನಾನು ಎರಡನ್ನೂ ಬರೆದಿದ್ದೇನೆ, ಮೇಂಟೆನೆನ್ಸನ್ನು ಮೊದಲು.

ನನ್ನ ಅಪ್ಪ ಸಾರಿಗೆ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಹೆಚ್ಚಿನ ದಿನ ರಾತ್ರಿ ಪಾಳಿ. ಸುತ್ತಿಗೆಯಿಂದ ಚಕ್ರದ ನಟ್ಟು ತಟ್ಟಿ, ಬರುವ ಸದ್ದಿನಲ್ಲೇ ಸಡಿಲವಾಗಿದೆಯೋ ಇಲ್ಲವೋ ಹೇಳುತ್ತಾರೆ. ನಾನು ಈ ತಂಡ ಸೇರಿದೆ ಎಂದಾಗ ಅವರು ಹೆಚ್ಚೇನೂ ಹೇಳಲಿಲ್ಲ. ‘ಉಗುರಲ್ಲಿ ಗ್ರೀಸ್ ಇರಬಾರದು ಅಂತ ತಾನೇ ಇಂಜಿನಿಯರಿಂಗ್ ಓದಿಸ್ತಿರೋದು’ ಎಂದರು. ಅದಕ್ಕೆ ನನ್ನ ಬಳಿ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಅವರು ಅನುಭವಿಸಿದ್ದನ್ನು ಅವರು ಹೇಳಿದರು. ಬೆಳಿಗ್ಗೆ ಐದಕ್ಕೆ ಐವತ್ತು ಜನರನ್ನು ಹೊತ್ತು ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಬ್ರೇಕನ್ನು ರಾತ್ರಿ ಸರಿಮಾಡಿದವರು ಯಾರು ಎಂದು ಪ್ರಯಾಣಿಕರು ಕೇಳುವುದಿಲ್ಲ. ಮೇಲಧಿಕಾರಿಗಳೂ ಬ್ರೇಕ್ ಹಿಡಿಯದ ದಿನ ಮಾತ್ರ ಕೇಳುತ್ತಾರೆ. ನನ್ನ ತಕರಾರು ಅಪ್ಪನ ಜೊತೆ ಅಲ್ಲ. ಎಳೆದ ಗೆರೆಗೆ ಒಂದು ಬೆಲೆ, ಬಿಗಿದ ನಟ್ಟಿಗೆ ಇನ್ನೊಂದು ಬೆಲೆ ಎಂದು ಅವರಿಗೆ ಕಲಿಸಿಕೊಟ್ಟ ಲೆಕ್ಕದ ಜೊತೆ.

ಆ ಲೆಕ್ಕವನ್ನು ನಮ್ಮ ಕಾಲೇಜುಗಳೂ ಪಾಲಿಸುತ್ತವೆ. ಗೆದ್ದ ಟ್ರೋಫಿ ಪ್ರಾಂಶುಪಾಲರ ಕೋಣೆಯ ಎದುರಿನ ಗಾಜಿನ ಕಪಾಟಿನಲ್ಲಿರುತ್ತದೆ. ಅದನ್ನು ತಂದ ಕಾರಿನ ಶೆಡ್ಡಿಗೆ ಸಂಜೆ ಐದೂವರೆಗೆ ಬೀಗ ಬೀಳುತ್ತದೆ. ಸ್ಪರ್ಧೆಯ ನಿಯಮಪುಸ್ತಕವೇ ಇದಕ್ಕಿಂತ ವಾಸ್ತವವಾದಿ. ಫಾರ್ಮುಲಾ ಸ್ಟೂಡೆಂಟ್ ನಿಯಮದಲ್ಲಿ ಮುಖ್ಯ ಬೋಲ್ಟುಗಳ ಲಾಕ್ ನಟ್ಟಿನಿಂದ ಕನಿಷ್ಠ ಎರಡು ಪೂರ್ತಿ ತಿರುಪು ಹೊರಗೆ ಕಾಣಬೇಕು. ಕಾರನ್ನು 60 ಡಿಗ್ರಿ ವಾಲಿಸಿದಾಗ ಒಂದು ಹನಿಯೂ ಸೋರಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು. ಇಷ್ಟು ದಾಟದೆ ಎಂಥ ಅದ್ಭುತ ಡಿಸೈನ್ ಇದ್ದರೂ ಕಾರು ಟ್ರ್ಯಾಕಿಗೆ ಇಳಿಯದು. ಕೊನೆಯ ಸುಮಾರು 22 ಕಿ.ಮೀ.ಯ ಎಂಡ್ಯೂರೆನ್ಸ್ ಓಟಕ್ಕೇ ಅತಿ ಹೆಚ್ಚು ಅಂಕ. ಅಲ್ಲಿ ಮಧ್ಯೆ ನಿಂತುಹೋಗುವ ಕಾರುಗಳನ್ನು ನೋಡಿದ್ದೇನೆ. ಚೈನ್ ಕಳಚಿದ್ದು, ವೈರ್ ಸಡಿಲವಾದದ್ದು, ಎರಡು ರೂಪಾಯಿಯ ಕ್ಲಿಪ್ ಬಿದ್ದುಹೋದದ್ದು. ಕಾರ್ಬನ್ ಫೈಬರ್ ಮೈ ಹೊತ್ತು ಬದಿಯಲ್ಲಿ ನಿಂತ ಕಾರನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಂದಹಾಗೆ, ಹಗುರ ಮಾಡುವುದೆಂದರೆ ಕಾರ್ಬನ್ ಕೊಳ್ಳುವುದಲ್ಲ. ಬೇಡದ ಬ್ರಾಕೆಟ್ ಕತ್ತರಿಸಿ, ಉದ್ದ ವೈರನ್ನು ಅಳತೆಗೆ ತಂದು ನಾವು ಕಳೆದ ವರ್ಷ ನಾಲ್ಕು ಕೆ.ಜಿ. ಇಳಿಸಿದೆವು. ಖರ್ಚು, ಒಂದು ಹ್ಯಾಕ್ಸಾ ಬ್ಲೇಡ್.

‘ಇದೆಲ್ಲ ದುಬಾರಿ ಹವ್ಯಾಸ, ಆ ಹೊತ್ತಿಗೆ ಕೋಡಿಂಗ್ ಕಲಿ’ ಎನ್ನುವವರಿದ್ದಾರೆ. ನಮ್ಮ ಬ್ರಾಂಚಿನ ಅನೇಕ ಗೆಳೆಯರು ಅದನ್ನೇ ಮಾಡುತ್ತಿದ್ದಾರೆ. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವಾಗ ಅದು ತಪ್ಪು ಎನ್ನಲು ನಾನು ಯಾರು? ನಾನೂ ಪೈಥಾನ್ ಕಲಿತಿದ್ದೇನೆ. ಟೈರ್ ತಾಪಮಾನದ ಅಂಕಿಗಳನ್ನು ಗ್ರಾಫ್ ಮಾಡುವುದು ಅದರಲ್ಲೇ. ಎಲೆಕ್ಟ್ರಿಕ್ ಕಾರು ಬಂದರೆ ನಿಮ್ಮ ಆಯಿಲ್ ಗ್ರೀಸ್ ಕಥೆ ಮುಗಿಯಿತು ಎನ್ನುವವರೂ ಇದ್ದಾರೆ. ಫಾರ್ಮುಲಾ ಭಾರತ್‌ನಲ್ಲಿ ಎಲೆಕ್ಟ್ರಿಕ್ ವಿಭಾಗವೂ ಇದೆ, ಅಲ್ಲಿನವರೂ ನಮ್ಮ ಹಾಗೇ ದಾರ ಕಟ್ಟಿಕೊಂಡು ನೆಲದಲ್ಲಿ ಮಲಗಿರುತ್ತಾರೆ. ಬ್ಯಾಟರಿ ಭಾರ, ಹಾಗಾಗಿ ತೂಕದ ತಲೆನೋವು ಅವರಿಗೇ ಹೆಚ್ಚು.

ನಾನು ಕೇಳುವುದು ದೊಡ್ಡದೇನಲ್ಲ. ವರ್ಕ್‌ಶಾಪ್ ಲ್ಯಾಬಿನಲ್ಲಿ ಫೈಲ್ ಉಜ್ಜಿ ಚೌಕ ತುಂಡು ಮಾಡಿಸುವುದರ ಜೊತೆಗೆ, ಒಂದು ಹಳೇ ಕಾರನ್ನು ಸೆಮಿಸ್ಟರ್ ಪೂರ್ತಿ ನೋಡಿಕೊಳ್ಳುವ ಹೊಣೆಯನ್ನು ನಾಲ್ಕು ನಾಲ್ಕು ವಿದ್ಯಾರ್ಥಿಗಳಿಗೆ ಕೊಡಿ. ಏನು ಅಳೆದರು, ಏನು ಬದಲಿಸಿದರು, ಯಾಕೆ ಬದಲಿಸಿದರು ಎಂಬ ಲಾಗ್ ಪುಸ್ತಕಕ್ಕೆ ಅಂಕ ಕೊಡಿ. ಕ್ಯಾಂಪಸ್ಸಿಗೆ ಬರುವ ಕಂಪನಿಯವರು ಪ್ರಾಜೆಕ್ಟಿನ ಹೆಸರು ಕೇಳುವಾಗ ಆ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ. ಅಕ್ಷರ ಕೆಟ್ಟದಾಗಿರಬಹುದು, ಪುಟಗಳಿಗೆ ಆಯಿಲ್ ಕಲೆ ಇರಬಹುದು.

ನಮ್ಮ ತಂಡದ ಲಾಗ್ ಈಗ ಎರಡು ದಪ್ಪ ನೋಟ್‌ಬುಕ್. ವಿದ್ಯಾರ್ಥಿ ತಂಡಗಳ ದೊಡ್ಡ ರೋಗವೆಂದರೆ ಸೀನಿಯರ್‌ಗಳು ಪದವಿ ಜೊತೆಗೆ ತಿಳಿವಳಿಕೆಯನ್ನೂ ಕಟ್ಟಿಕೊಂಡು ಹೋಗಿಬಿಡುತ್ತಾರೆ, ಮುಂದಿನವರು ಸೊನ್ನೆಯಿಂದ ಶುರು ಮಾಡುತ್ತಾರೆ. ಆ ಬಿರುಕಿನ ರಾಡ್ ಎಂಡನ್ನು ಎರಡನೇ ನೋಟ್‌ಬುಕ್ಕಿನ ಪುಟಕ್ಕೆ ಟೇಪ್ ಹಾಕಿ ಅಂಟಿಸಿದ್ದೇನೆ, ದಿನಾಂಕದ ಸಮೇತ, ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದರ ಸಮೇತ. ಈಗ ಆ ಗಾತ್ರದವು ನಾಲ್ಕು ಸ್ಪೇರ್ ಪೆಟ್ಟಿಗೆಯಲ್ಲಿವೆ. ಮೂರನೇ ನೋಟ್‌ಬುಕ್ ಖಾಲಿ ಇದೆ. ಕ್ಯಾಲಿಪರ್ ಸೀಲ್ ಬದಲಿಸಬೇಕು, ಚೈನ್ ಸಡಿಲ ನೋಡಬೇಕು, ಫ್ಲೂಯಿಡ್ ಹೊಸದು ಹಾಕಬೇಕು. ನಮ್ಮ ಕಾಲೇಜಿನ ಫಸ್ಟ್ ಇಯರ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ಶನಿವಾರ ಮಧ್ಯಾಹ್ನ ಎರಡಕ್ಕೆ ಶೆಡ್ ತೆರೆದಿರುತ್ತದೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.